ಕಾರ್ಕಳದ ಹುಡುಗ, ನಾಡಿನ ಮಕ್ಕಳ ‘ಅಂಕಲ್ ಪೈ’

ಪರೀಕ್ಷೆ ಹತ್ತಿರ ಬಂತೆಂದರೆ ವಿಜಯಪುರದ ಅನೇಕ ಮನೆಗಳಲ್ಲಿ ಒಂದು ಮಾತು ಕೇಳಿಬರುತ್ತದೆ: ‘ಏ ತಮ್ಮಾ, ಮೊದ್ಲ ಅಭ್ಯಾಸ ಮಾಡು, ಚಿತ್ರದ ಪುಸ್ತಕ ಆಮ್ಯಾಲೆ.’ ಪಾಲಕರ ಕಾಳಜಿ ತಪ್ಪಲ್ಲ. ಆದರೆ ಚಿತ್ರದ ಪುಸ್ತಕ ಬೇರೆ, ಅಭ್ಯಾಸ ಬೇರೆ ಎಂಬ ಎಣಿಕೆ ಎಷ್ಟು ಸರಿ? ಈ ಪ್ರಶ್ನೆಗೆ ಉತ್ತರ ಕೊಡುವುದರಲ್ಲೇ ಒಬ್ಬ ಕನ್ನಡ ನಾಡಿನ ಮನುಷ್ಯ ತನ್ನ ಆಯುಷ್ಯವನ್ನು ಕಳೆದರು. ಅವರೇ ಅನಂತ ಪೈ. ದೇಶದ ಮಕ್ಕಳು ಅವರನ್ನು ಕರೆದದ್ದು ‘ಅಂಕಲ್ ಪೈ’ ಎಂದು.

ಅನಂತ ಪೈ ಅವರು ಹುಟ್ಟಿದ್ದು 1929ರ ಸೆಪ್ಟೆಂಬರ್ 17ರಂದು, ಕಾರ್ಕಳದಲ್ಲಿ. ಇಂದು ಉಡುಪಿ ಜಿಲ್ಲೆಯಲ್ಲಿರುವ ಈ ಊರು ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಎರಡು ವರ್ಷದ ಮಗುವಾಗಿದ್ದಾಗಲೇ ತಂದೆತಾಯಿ ಇಬ್ಬರನ್ನೂ ಕಳೆದುಕೊಂಡರು. 12ನೇ ವಯಸ್ಸಿನಲ್ಲಿ ಮುಂಬಯಿಗೆ ಹೋದರು. ಅಲ್ಲಿ ಅವರು ಓದಿದ್ದು ಸಾಹಿತ್ಯವನ್ನಲ್ಲ, ಚಿತ್ರಕಲೆಯನ್ನೂ ಅಲ್ಲ. ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ರಾಸಾಯನಿಕ ತಂತ್ರಜ್ಞಾನ. ಓದು ಮುಗಿಸಿದ ಮೇಲೆ ಯಾವುದಾದರೂ ಕಾರ್ಖಾನೆಯಲ್ಲಿ ಒಳ್ಳೆಯ ನೌಕರಿ ಹಿಡಿದು ನೆಮ್ಮದಿಯಾಗಿರಬಹುದಿತ್ತು. ಆದರೆ ಅವರ ಮನಸ್ಸು ಅಚ್ಚಿನ ಮಸಿಯ ಕಡೆಗೆ ವಾಲಿತ್ತು.

1954ರಲ್ಲಿ ಅವರು ‘ಮಾನವ್’ ಎಂಬ ಮಕ್ಕಳ ಪತ್ರಿಕೆಯೊಂದನ್ನು ಹೊರತಂದರು. ಅದು ಉಳಿಯಲಿಲ್ಲ. 25ರ ಹರೆಯದಲ್ಲಿ ಮೊದಲ ಸಾಹಸವೇ ಸೋತಿತು. ವಿದ್ಯಾರ್ಥಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಸೋತ ಮೇಲೆ ಅವರು ಆ ದಾರಿಯನ್ನೇ ಬಿಡಲಿಲ್ಲ, ಆ ಕೆಲಸವನ್ನು ಸರಿಯಾಗಿ ಕಲಿಯಲು ಹೊರಟರು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯ ಪುಸ್ತಕ ವಿಭಾಗ ಸೇರಿದರು. 1964ರಲ್ಲಿ ಆ ಸಂಸ್ಥೆ ‘ಇಂದ್ರಜಾಲ ಕಾಮಿಕ್ಸ್’ ಆರಂಭಿಸಿದಾಗ ಅದರ ಹಿಂದಿದ್ದವರಲ್ಲಿ ಪೈ ಪ್ರಮುಖರು. ಕಾಡಿನ ಗುಹೆಯಲ್ಲಿ ವಾಸಿಸುವ ಮುಖವಾಡದ ವೀರ ಫ್ಯಾಂಟಮ್ ಹೀಗೆ ಭಾರತದ ಮನೆಮನೆಗೆ ಬಂದ. ಮುಂದೆ ಕನ್ನಡದಲ್ಲೂ ಇಂದ್ರಜಾಲ ಕಾಮಿಕ್ಸ್ ಬಂದಿತು. ಇಂದು 50 ದಾಟಿದ ಅನೇಕ ಪಾಲಕರು ತಾವು ಪಠ್ಯಪುಸ್ತಕದೊಳಗೆ ಬಚ್ಚಿಟ್ಟು ಓದಿದ್ದು ಇದನ್ನೇ!

ಫ್ಯಾಂಟಮ್ ಚೆನ್ನಾಗಿ ಮಾರಾಟವಾಗುತ್ತಿದ್ದ. ಆದರೂ ಪೈ ಅವರಿಗೆ ಸಮಾಧಾನವಿರಲಿಲ್ಲ. 1967ರಲ್ಲಿ ದೆಹಲಿಯ ಅಂಗಡಿಯೊಂದರ ಟಿವಿಯಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮವನ್ನು ಅವರು ನೋಡಿದರು. ಗ್ರೀಕ್ ಪುರಾಣದ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟ ವಿದ್ಯಾರ್ಥಿಗಳು, ರಾಮನ ತಾಯಿಯ ಹೆಸರು ಕೇಳಿದಾಗ ಸುಮ್ಮನಾದರು. ಇದು ಮಕ್ಕಳ ತಪ್ಪಲ್ಲ, ಅವರ ಕೈಗೆ ಬಂದ ಪುಸ್ತಕಗಳಲ್ಲಿ ಆ ಹೆಸರಿರಲಿಲ್ಲ ಎಂಬುದು ಪೈ ಅವರಿಗೆ ಹೊಳೆಯಿತು. ಅದೇ ವರ್ಷ ಟೈಮ್ಸ್ ಬಿಟ್ಟು, ಇಂಡಿಯಾ ಬುಕ್ ಹೌಸ್ ಎಂಬ ಪ್ರಕಾಶನ ಸಂಸ್ಥೆಯೊಡನೆ ‘ಅಮರ ಚಿತ್ರ ಕಥೆ’ಯ ಕೆಲಸಕ್ಕೆ ಕೈಹಾಕಿದರು.

ಈ ಮಾಲೆಗೆ ಕನ್ನಡದ ನಂಟೊಂದಿದೆ. ಅದು ಬಹಳ ಜನರಿಗೆ ತಿಳಿದಿಲ್ಲ. ‘ಅಮರ ಚಿತ್ರ ಕಥೆ’ಯ ಹೆಸರಿನಲ್ಲಿ ಮೊದಲು ಅಚ್ಚಾದ ಹತ್ತು ಪುಸ್ತಕಗಳು ಇಂಗ್ಲಿಷಿನವಲ್ಲ, ಕನ್ನಡದವು. ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಶಾಖೆಯಲ್ಲಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲೇ ಇದಕ್ಕೆ ನಾಂದಿ ಹಾಡಿದ್ದಾಗಿ ಹೇಳಿದ್ದಾರೆ. ಆ ಹತ್ತರಲ್ಲಿ ಇದ್ದದ್ದು ಸಿಂಡರೆಲ್ಲಾಳಂಥ ಪಶ್ಚಿಮದ ಕಥೆಗಳ ಕನ್ನಡ ರೂಪ. ಕನ್ನಡದಲ್ಲಿ ಅವು ಚೆನ್ನಾಗಿ ಮಾರಾಟವಾದದ್ದು ಮುಂಬಯಿಯ ಪ್ರಕಾಶಕರಿಗೆ ಧೈರ್ಯ ಕೊಟ್ಟಿತು. ಪೈ ಅವರ ಸಂಪಾದಕತ್ವದ ‘ಕೃಷ್ಣ’ ಪುಸ್ತಕಕ್ಕೆ 1ರ ಬದಲು 11 ಎಂಬ ಸಂಖ್ಯೆ ಬಿದ್ದದ್ದು ಈ ಕಾರಣದಿಂದಲೇ. ಒಂದು ದೊಡ್ಡ ಕೆಲಸದ ಹಿಂದೆ ಒಬ್ಬರ ಹೆಸರಷ್ಟೇ ಎದ್ದು ಕಂಡರೂ ಅಡಿಪಾಯದಲ್ಲಿ ಹಲವರ ಕೈಗಳಿರುತ್ತವೆ.

ಆರಂಭದ ದಿನಗಳು ಸುಲಭದವಾಗಿರಲಿಲ್ಲ. ಕಾಮಿಕ್ಸ್ ಎಂದರೆ ಶಾಲೆಗಳು ಮೂಗು ಮುರಿಯುತ್ತಿದ್ದವು, ಪುಸ್ತಕದಂಗಡಿಗಳು ಜಾಗ ಕೊಡಲು ಹಿಂದೆಮುಂದೆ ನೋಡುತ್ತಿದ್ದವು. ಸಂಪಾದಕರಾದ ಪೈ ಅವರು ಮೇಜಿನ ಮುಂದೆ ಕುಳಿತಷ್ಟೇ ಹೊತ್ತು ಬೀದಿಯಲ್ಲೂ ತಿರುಗಿದರು. ಹೋಟೆಲು, ಪೆಟ್ರೋಲ್ ಬಂಕುಗಳಲ್ಲಿ ಪುಸ್ತಕ ಇಡುವ ಸ್ಟ್ಯಾಂಡುಗಳನ್ನು ನಿಲ್ಲಿಸಿದರು. ಶಾಲೆಗಳ ಬಾಗಿಲು ತಟ್ಟಿದರು. 1978ರಲ್ಲಿ ದೆಹಲಿಯಲ್ಲಿ, ಶಾಲಾ ಶಿಕ್ಷಣದಲ್ಲಿ ಚಿತ್ರಕಥೆಯ ಪಾತ್ರವೇನು ಎಂಬ ಬಗೆಗೇ ವಿಚಾರ ಸಂಕಿರಣ ನಡೆಯಿತು. ಮೂಗು ಮುರಿದಿದ್ದ ಶಾಲೆಗಳ ಗ್ರಂಥಾಲಯಗಳಿಗೇ ಕ್ರಮೇಣ ಈ ಪುಸ್ತಕಗಳು ಪ್ರವೇಶಿಸಿದವು.

ಸಂಪಾದಕ ಎಂದರೆ ಏನು ಮಾಡುವವನು ಎಂಬ ಸಂದೇಹ ಕೆಲವು ವಿದ್ಯಾರ್ಥಿಗಳಿಗೆ ಬರಬಹುದು. 32 ಪುಟದ ಒಂದು ಚಿತ್ರಕಥೆಯನ್ನೇ ತೆಗೆದುಕೊಳ್ಳೋಣ. ಮೊದಲು ಮೂಲ ಗ್ರಂಥಗಳನ್ನು ಓದಿ ಕಥೆಯ ಎಳೆಯನ್ನು ಗುರುತಿಸಬೇಕು. ಅದನ್ನು ಪುಟಗಳಾಗಿ, ಪುಟವನ್ನು ಚೌಕಟ್ಟುಗಳಾಗಿ ಒಡೆಯಬೇಕು. ಒಂದು ಚೌಕಟ್ಟಿನಲ್ಲಿ ಒಂದೇ ಕ್ರಿಯೆ ನಡೆಯಬೇಕು. ಪಾತ್ರದ ತಲೆಯ ಮೇಲಿನ ಮಾತಿನ ಬಲೂನಿನಲ್ಲಿ ಹತ್ತು ಹದಿನೈದು ಪದಗಳಿಗಿಂತ ಹೆಚ್ಚು ಹಿಡಿಸುವುದಿಲ್ಲ. ಚಿತ್ರದಲ್ಲಿ ಕಾಣುವುದನ್ನು ಮತ್ತೆ ಮಾತಿನಲ್ಲಿ ಹೇಳಬಾರದು. ಆ ಕಾಲದ ಉಡುಪು, ಆಯುಧ, ಕಟ್ಟಡ ಹೇಗಿದ್ದವೆಂದು ಚಿತ್ರಕಾರನಿಗೆ ತಿಳಿಸಬೇಕು. ಪೆನ್ಸಿಲ್ ಚಿತ್ರ ಬಂದ ಮೇಲೆ ತಪ್ಪು ಹುಡುಕಬೇಕು. ಅನಂತರ ಮಸಿ, ಅಕ್ಷರ, ಬಣ್ಣ. ಇಷ್ಟೂ ಹಂತಗಳಲ್ಲಿ ‘ಇದು ಬೇಕು, ಇದು ಬೇಡ’ ಎನ್ನುವವನೇ ಸಂಪಾದಕ. ಕಮಲಾ ಚಂದ್ರಕಾಂತ್, ಸುಬ್ಬರಾವ್, ಲೂಯಿಸ್ ಫರ್ನಾಂಡಿಸ್ ಅವರಂಥ ಬರಹಗಾರರು, ರಾಮ್ ವಾಯೀರ್‌ಕರ್, ಪ್ರತಾಪ್ ಮುಳಿಕ್, ದಿಲೀಪ್ ಕದಮ್ ಅವರಂಥ ಚಿತ್ರಕಾರರು ಪೈ ಅವರೊಂದಿಗೆ ದುಡಿದರು.

ಖರ್ಚು ಉಳಿಸಲು ಮೊದಮೊದಲಿನ ಪುಸ್ತಕಗಳಲ್ಲಿ ನೀಲಿ, ಹಳದಿ, ಹಸಿರು ಬಣ್ಣಗಳನ್ನಷ್ಟೇ ಬಳಸಿದ್ದರು. ಪೂರ್ಣ ವರ್ಣ ಬಂದದ್ದು ಆಮೇಲೆ. ಶಾಲೆಯ ಪ್ರಯೋಗಶಾಲೆಯ ಭೂತಗನ್ನಡಿ ಹಿಡಿದು ಯಾವುದಾದರೂ ಬಣ್ಣದ ಮುದ್ರಿತ ಚಿತ್ರವನ್ನು ನೋಡಿ. ಹಸಿರು ಎಲೆ ಹಸಿರಾಗಿಯೇ ಇರುವುದಿಲ್ಲ. ಅಲ್ಲಿ ಹಳದಿ ಮತ್ತು ತಿಳಿನೀಲಿ ಚುಕ್ಕೆಗಳು ಒತ್ತೊತ್ತಾಗಿ ಕುಳಿತಿರುತ್ತವೆ. ಹಳದಿ, ತಿಳಿನೀಲಿ, ಗುಲಾಬಿಗೆಂಪು, ಕಪ್ಪು ಈ ನಾಲ್ಕೇ ಮಸಿಗಳಿಂದ ಉಳಿದೆಲ್ಲ ಬಣ್ಣಗಳ ಭ್ರಮೆ ಹುಟ್ಟುತ್ತದೆ. ಚುಕ್ಕೆಗಳು ಬಹಳ ಚಿಕ್ಕವಾದ್ದರಿಂದ ನಮ್ಮ ಕಣ್ಣು ಅವನ್ನು ಬೇರೆಬೇರೆಯಾಗಿ ಗುರುತಿಸಲಾರದು. ಬೆಳಕಿನ ಪಾಠಕ್ಕೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗದು.

ವಿಜ್ಞಾನ ಓದಿದ ಮನಸ್ಸು ಪೈ ಅವರನ್ನು ಒಂದು ಕಡೆ ಇಕ್ಕಟ್ಟಿಗೂ ಸಿಲುಕಿಸಿತು. ‘ಕೃಷ್ಣ’ದ ಮೊದಲ ಆವೃತ್ತಿ ಸಿದ್ಧಪಡಿಸುವಾಗ ಪವಾಡಗಳನ್ನು ತೋರಿಸಲು ಅವರು ಹಿಂಜರಿದರು, ಕೃಷ್ಣ ಗೋವರ್ಧನಗಿರಿಯನ್ನು ಎತ್ತಿ ಹಿಡಿದ ದೃಶ್ಯವನ್ನು ನೇರವಾಗಿ ಚಿತ್ರಿಸಲಿಲ್ಲ. ಓದುಗರು ಆಕ್ಷೇಪಿಸಿದರು: ಗೋವರ್ಧನವಿಲ್ಲದ ಕೃಷ್ಣನ ಕಥೆ ಎಂಥದ್ದು? ಮುಂದಿನ ಪರಿಷ್ಕೃತ ಆವೃತ್ತಿಯಲ್ಲಿ ಆ ದೃಶ್ಯ ಸೇರಿತು. ಪುರಾಣವನ್ನು ಪುರಾಣವಾಗಿ, ಇತಿಹಾಸವನ್ನು ಇತಿಹಾಸವಾಗಿ, ವಿಜ್ಞಾನವನ್ನು ವಿಜ್ಞಾನವಾಗಿ ಓದುವ ವಿವೇಕವನ್ನು ಮಕ್ಕಳಿಗೆ ಕಲಿಸಬೇಕಾದವರು ಯಾರು? ಅದು ಚಿತ್ರಕಾರನೊಬ್ಬನ ಕೆಲಸವಲ್ಲ. ಮನೆ ಮತ್ತು ಶಾಲೆಗಳ ಪಾಲೂ ಅದರಲ್ಲಿದೆ.

‘ಅಮರ ಚಿತ್ರ ಕಥೆ’ಗೆ ಟೀಕೆಗಳೂ ಬಂದವು. ನಾಯಕರೆಲ್ಲ ಬೆಳ್ಳಗೆ, ರಾಕ್ಷಸರೆಲ್ಲ ಕಪ್ಪಗೆ ಏಕೆ? ಸ್ತ್ರೀಯರು ಎಲ್ಲೆಲ್ಲೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಏಕಿದ್ದಾರೆ? ಸಿಕ್ಕುಸಿಕ್ಕಾದ ಇತಿಹಾಸವನ್ನು 32 ಪುಟಗಳಲ್ಲಿ ಇಷ್ಟು ಸರಳಗೊಳಿಸಬಹುದೇ? ವಿದ್ವಾಂಸರು ಎತ್ತಿದ ಈ ಪ್ರಶ್ನೆಗಳು ತಳ್ಳಿಹಾಕುವಂಥವಲ್ಲ. ವಿಜಯಪುರದ ಮಕ್ಕಳು ಇದನ್ನು ತಮ್ಮ ಊರಿನಲ್ಲೇ ಪರೀಕ್ಷಿಸಬಹುದು. ಈ ಮಾಲೆಯಲ್ಲಿ ‘ಚಾಂದ್ ಬೀಬಿ’ ಎಂಬ ಪುಸ್ತಕವಿದೆ. ಅಹಮದನಗರದ ಕೋಟೆಯನ್ನು ಮೊಗಲರಿಂದ ರಕ್ಷಿಸಿದ ವೀರರಾಣಿಯೆಂದು ದೇಶಕ್ಕೆ ಪರಿಚಿತಳಾದ ಈಕೆ ವಿಜಯಪುರದ ಸೊಸೆ. ಒಂದನೇ ಅಲಿ ಆದಿಲ್‌ಶಾಹನ ಪತ್ನಿ. 1580ರಲ್ಲಿ ಆತ ಕೊಲೆಯಾದಾಗ, ಪಟ್ಟಕ್ಕೆ ಬಂದ ಬಾಲಕ ಎರಡನೇ ಇಬ್ರಾಹಿಮನ ಪರವಾಗಿ ರಾಜ್ಯದ ಭಾರ ಹೊತ್ತವಳು. ಅವಳ ಹೆಸರಿನ ಚಾಂದ್ ಬಾವಡಿ ಇಂದಿಗೂ ನಗರದಲ್ಲಿದೆ. ಪುಸ್ತಕ ಓದಿದ ಮಗು ಆ ಬಾವಡಿಯ ಮೆಟ್ಟಿಲ ಹತ್ತಿರ ನಿಂತು, ‘ಇದರಲ್ಲಿ ನಡೆದದ್ದು ಯಾವುದು, ಬರೆದವರು ಊಹಿಸಿದ ಮಾತು ಯಾವುದು?’ ಎಂದು ಕೇಳಿದರೆ ಇತಿಹಾಸದ ಪಾಠ ಆರಂಭವಾಯಿತೆಂದೇ ಅರ್ಥ. ಬಲೂನಿನೊಳಗಿನ ಮಾತನ್ನು ಆ ಕಾಲದಲ್ಲಿ ಯಾರೂ ಬರೆದಿಟ್ಟಿರಲಿಲ್ಲ ಎಂಬುದನ್ನು ಪಾಲಕರು ಹೇಳಿಕೊಟ್ಟರೆ ಸಾಕು.

1980ರ ನವೆಂಬರ್‌ನಲ್ಲಿ ಪೈ ಅವರ ಇನ್ನೊಂದು ಕನಸು ಹೊರಬಂತು: ‘ಟಿಂಕಲ್’ ಎಂಬ ಮಕ್ಕಳ ಪತ್ರಿಕೆ. ಅದರ ಆಲೋಚನೆ ಕೊಟ್ಟವರು ಸಹೋದ್ಯೋಗಿ ಸುಬ್ಬರಾವ್. ಈ ಪತ್ರಿಕೆಯಲ್ಲಿ ಹೇಳಿದ್ದನ್ನು ಅಕ್ಷರಶಃ ಪಾಲಿಸಿ ಎಡವಟ್ಟು ಮಾಡುವ ಸುಪ್ಪಂಡಿ, ಹೆದರುಪುಕ್ಕಲನಾದರೂ ಅದೃಷ್ಟದಿಂದ ಗೆಲ್ಲುವ ಬೇಟೆಗಾರ ಶಿಕಾರಿ ಶಂಭು, ಜಾಣ ಕಾಗೆ ಕಾಲಿಯಾ ಇದ್ದರು. ಅಂಕಲ್ ಅಣು ಎಂಬುವವರು ಮಕ್ಕಳಿಗೆ ವಿಜ್ಞಾನ ವಿವರಿಸುವ ‘ಅಣು ಕ್ಲಬ್’ ಇತ್ತು. ಈ ಪತ್ರಿಕೆಗೆ ಮಕ್ಕಳು ಪತ್ರ ಬರೆದರು, ಕಥೆ ಕಳಿಸಿದರು. ‘ಅಂಕಲ್ ಪೈ’ ಎಂಬ ಹೆಸರು ಗಟ್ಟಿಯಾದದ್ದು ಈ ಪತ್ರಗಳಿಂದ. 1983ರಲ್ಲಿ ಮೊದಲು ಕಾಣಿಸಿಕೊಂಡ ಸುಪ್ಪಂಡಿಯಾದರೂ ಹುಟ್ಟಿದ್ದು ಮುಂಬಯಿಯ ಕಚೇರಿಯಲ್ಲಲ್ಲ. ತಿರುಚಿರಾಪಳ್ಳಿಯ ಓದುಗರೊಬ್ಬರು ಕಳಿಸಿದ ಕಥೆಯಿಂದ. ದೂರದ ಊರಿನ ಅಂಚೆ ಲಕೋಟೆಯೊಂದನ್ನು ಕಸದ ಬುಟ್ಟಿಗೆ ಹಾಕದೆ ಓದಿದ್ದರಿಂದ ದೇಶಕ್ಕೆ ಒಬ್ಬ ನಗೆಗಾರ ಸಿಕ್ಕ.

ಈ ಮಾತು ನಮ್ಮ ಜಿಲ್ಲೆಯ ಹಳ್ಳಿಗಳ ಮಕ್ಕಳಿಗೂ ಅನ್ವಯಿಸುತ್ತದೆ. ತಿಕೋಟಾ ಭಾಗದ ಮಗುವಿಗೆ ದ್ರಾಕ್ಷಿ ಮಣೂಕ ಆಗುವ ಬಗೆ ಕಣ್ಣೆದುರಿನ ಸಂಗತಿ. ಅದನ್ನೇ ಆರು ಚೌಕಟ್ಟುಗಳಲ್ಲಿ ಬರೆಯಬಹುದು. ಗೊನೆ ಕೊಯ್ಯುವುದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದುವುದು, ಹಣ್ಣಿನ ಸಿಪ್ಪೆಯ ಮೇಲಿನ ಮೇಣದ ಪದರ ಸಡಿಲವಾಗುವುದು, ಶೆಡ್ಡಿನ ನೆರಳಿನಲ್ಲಿ ಬಲೆಯ ಮೇಲೆ ಹರಡುವುದು, ಗಾಳಿಗೆ ನೀರಿನಂಶ ಆರುವುದು, ಕೊನೆಗೆ ಸಕ್ಕರೆಯಂಶ ಉಳಿದು ಸುಕ್ಕುಗಟ್ಟಿದ ಮಣೂಕ. ಬಬಲೇಶ್ವರ ತಾಲ್ಲೂಕಿನ ಮಗು ಮಮದಾಪುರದ ಕೆರೆಯ ಕಥೆ ಬರೆಯಬಹುದು. ಆದಿಲ್‌ಶಾಹಿ ಕಾಲದಲ್ಲಿ ಕಟ್ಟಿದ ಆ ಕೆರೆಗೆ ನೀರು ಎಲ್ಲಿಂದ ಬರುತ್ತಿತ್ತು, ಏರಿ ಬುಡದಲ್ಲಿ ಅಗಲವಾಗಿ, ಮೇಲೆ ಕಿರಿದಾಗಿ ಏಕಿರುತ್ತದೆ? ಆಳ ಹೆಚ್ಚಿದಂತೆ ನೀರಿನ ಒತ್ತಡ ಹೆಚ್ಚುತ್ತದೆ ಎಂಬ ಪಾಠ ಅಲ್ಲಿಯೇ ಇದೆ. ಚಿತ್ರ ಅಂದವಾಗಿ ಬರದಿದ್ದರೂ ಚಿಂತೆಯಿಲ್ಲ. ಒಂದು ಚೌಕಟ್ಟಿಗೆ ಒಂದೇ ಸಂಗತಿ ಎಂದು ಆರಿಸುವಾಗ ಮಗು ವಿಷಯವನ್ನು ಅರಿತಿರಲೇಬೇಕು. ಕಂಠಪಾಠ ಮಾಡಿದವನಿಗೆ ಇದು ಆಗದು.

ಪೈ ಅವರು ಹೀಗೆ 1954ರಿಂದ 2011ರವರೆಗೆ, 57 ವರ್ಷ, ಮಕ್ಕಳ ಓದಿಗಾಗಿ ದುಡಿದರು. ‘ಅಮರ ಚಿತ್ರ ಕಥೆ’ಯಲ್ಲಿ 400ಕ್ಕೂ ಹೆಚ್ಚು ಪುಸ್ತಕಗಳು ಬಂದವು, 20 ಭಾಷೆಗಳಲ್ಲಿ 9 ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾಗಿವೆ ಎಂದು ಪ್ರಕಾಶಕರು ಹೇಳುತ್ತಾರೆ. 2011ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಭಾರತದ ಮೊದಲ ಕಾಮಿಕ್ ಮೇಳ ನಡೆದಾಗ ಅವರಿಗೆ ಜೀವಮಾನ ಸಾಧನೆಯ ಪ್ರಶಸ್ತಿ ಕೊಟ್ಟರು. ಅದಾದ ಕೆಲವೇ ದಿನಗಳಲ್ಲಿ, ಫೆಬ್ರವರಿ 24ರಂದು, 81ನೇ ವಯಸ್ಸಿನಲ್ಲಿ ಅವರು ಮುಂಬಯಿಯಲ್ಲಿ ತೀರಿಕೊಂಡರು.

ಇಂದು ಮಕ್ಕಳ ಕೈಯಲ್ಲಿ ಮೊಬೈಲ್ ಇದೆ. ಚಿತ್ರಗಳು ತಾವಾಗಿಯೇ ಓಡುತ್ತವೆ. ಒಂದು ಮುಗಿಯುವ ಮೊದಲೇ ಇನ್ನೊಂದು ಬರುತ್ತದೆ. ಚಿತ್ರಕಥೆಯ ಪುಟದಲ್ಲಿ ಹಾಗಲ್ಲ. ಒಂದು ಚೌಕಟ್ಟಿಗೂ ಮುಂದಿನದಕ್ಕೂ ನಡುವೆ ಚಿಕ್ಕದೊಂದು ಬಿಳಿ ಸಂದು ಇರುತ್ತದೆ. ಆ ಸಂದಿನಲ್ಲಿ ಏನು ನಡೆಯಿತೆಂದು ಓದುವ ಮಗುವೇ ಊಹಿಸಿಕೊಳ್ಳಬೇಕು, ಬೇಕೆಂದರೆ ಹಿಂದಕ್ಕೆ ತಿರುಗಿ ನೋಡಬೇಕು. ಯೋಚಿಸುವ ಅಭ್ಯಾಸ ಬೆಳೆಯುವುದು ಅಲ್ಲಿಯೇ. ಪರೀಕ್ಷೆ ಮುಗಿದ ಮೇಲೆ ಪಾಲಕರು ಮಗುವಿನ ಕೈಗೆ ಒಂದು ಚಿತ್ರಕಥೆ ಕೊಟ್ಟು, ಓದಿದ್ದನ್ನು ಹೇಳಲು ಬಿಡಲಿ. ಮಗು ಹೇಳುವಾಗ ನಡುವೆ ಎರಡು ಪ್ರಶ್ನೆ ಕೇಳಲಿ. ಅದೂ ಅಭ್ಯಾಸವೇ.