ಮನೆಯ ಮಾತು, ಮಂದಿಯ ನಗೆ

ಮನೆಯೊಳಗಿನ ವಿಚಿತ್ರಗಳನ್ನು ಮಂದಿಯ ಮುಂದಿಟ್ಟು ನಗಿಸುವುದು ತಕ್ಕುದೇ ಎಂದು ತಾಯಿತಂದೆಗಳು ಆಗಾಗ ಕೇಳುತ್ತಿರುವರು. ವೇಷವಿಲ್ಲದೆ, ಜೊತೆಗಾರರಿಲ್ಲದೆ, ಒಬ್ಬರೇ ವೇದಿಕೆಯಲ್ಲಿ ನಿಂತು ತಮ್ಮವರ ಕಥೆಯನ್ನೇ ಹೇಳುವ ಸ್ಟ್ಯಾಂಡಪ್ ಕಾಮೆಡಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಮಕ್ಕಳೊಡನೆ ನೋಡಿರಬಹುದು. ಅದನ್ನು ಅವಿನಯವೆಂದು ತಳ್ಳಿಬಿಡುವವರ ಪಕ್ಷವು ನಮ್ಮದಲ್ಲ. ಮಗುವು ಊಟದ ಹೊತ್ತಿನಲ್ಲಿ ಅಜ್ಜಿಯ ದನಿಯನ್ನು ಅಣಕಿಸಿದರೆ ಗದರಿಸಬೇಕಾದುದೇನು? ಅಜ್ಜಿಯು ಅಲ್ಲಿಯೇ ಕುಳಿತಿರುವಳು. ತಿರುಗಿ ಅಣಕಿಸಲೂ ಬಲ್ಲಳು.

ಅಮೇರಿಕೆಯ ಹಸನ್ ಮಿನ್ಹಾಜರ ‘ಹೋಮ್‌ಕಮಿಂಗ್ ಕಿಂಗ್’ (2017) ಈ ಬಗೆಯದು. ಭಾರತದಿಂದ ಹೋದ ಮುಸ್ಲಿಮ್ ದಂಪತಿಗಳ ಮಗನಾದ ಇವರು, ತಾವು ಬೆಳೆದ ಕ್ಯಾಲಿಫೋರ್ನಿಯದ ಡೇವಿಸ್ ಊರಿನಲ್ಲಿಯೇ ಇದನ್ನು ಚಿತ್ರೀಕರಿಸಿದರು. ತಾಯಿಯು ವೈದ್ಯವಿದ್ಯೆಗಾಗಿ ಭಾರತದಲ್ಲಿ ನಿಂತುದು, ಬಾಲಕನು ತಂದೆಯ ಕೈಯಲ್ಲಿ ಬೆಳೆದುದು, ಕಂಡರಿಯದ ತಂಗಿಯೊಬ್ಬಳು ಒಂದು ದಿನ ಮನೆಗೆ ಬಂದಿಳಿದುದು, ಎಲ್ಲವೂ ನಗೆಯಾಗಿಯೇ ಬರುತ್ತವೆ. ಹಿಂದೂ ಮನೆತನದ ಕನ್ಯೆಯನ್ನು ಮಗನು ವರಿಸಹೊರಟಾಗ ತಂದೆಯು ‘ಜನ ಏನೆಂದಾರು’ ಎಂದು ಹಿಂಜರಿಯುವರು. (ಈ ಮಾತನ್ನು ಕೇಳದೆ ಬೆಳೆದವರು ನಮ್ಮ ವಾಚಕರಲ್ಲಿ ಎಷ್ಟು ಮಂದಿಯೋ!) 2001ರ ಸೆಪ್ಟೆಂಬರ್ 11ರ ಅನಾಹುತದ ತರುವಾಯ ಯಾರೋ ಇವರ ಕಾರಿನ ಗಾಜುಗಳನ್ನು ಒಡೆದಾಗ ತಂದೆಯು ಸಿಟ್ಟಾಗದೆ ಬೀದಿಯಲ್ಲಿನ ಚೂರುಗಳನ್ನು ಗುಡಿಸುತ್ತಿದ್ದರೆಂದು ಮಗನು ಹೇಳುವಾಗ ನಗೆಯು ಗಂಟಲಲ್ಲಿಯೇ ನಿಲ್ಲುವುದು. ಆ ತಂದೆಯ ಗೌರವವು ಇದರಿಂದ ಕುಂದಿತೆಂದು ನಮಗೆ ತೋರಲಿಲ್ಲ, ಹೆಚ್ಚಿತೆಂದೇ ತೋರಿತು.

ನಮ್ಮ ಆಕ್ಷೇಪಣೆಯಿರುವುದು ಪರರ ಮನೆಯ ವಿಷಯದಲ್ಲಿ. ಪ್ರೌಢಶಾಲೆಯ ನೃತ್ಯಕೂಟದ ಸಂಜೆ ಸಹಪಾಠಿಯೊಬ್ಬಳನ್ನು ಕರೆಯಲು ಹೋದಾಗ, ಛಾಯಾಚಿತ್ರಗಳನ್ನು ನಂಟರು ನೋಡುವರೆಂದು ಆಕೆಯ ತಾಯಿಯು ತನ್ನನ್ನು ಬಾಗಿಲಿನಿಂದಲೇ ಹಿಂದಿರುಗಿಸಿದಳೆಂದು ಮಿನ್ಹಾಜರು ಹೇಳುವರು; ಮೈಬಣ್ಣವೇ ಕಾರಣವೆಂಬುದು ಕೇಳುವವರಿಗೆ ಸ್ಪಷ್ಟ. 2023ರ ಸೆಪ್ಟೆಂಬರಿನಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯು ಆ ಮಹಿಳೆಯ ಮಾತನ್ನು ಪ್ರಕಟಿಸಿತು. ತಾನು ಕೆಲವು ದಿನಗಳ ಮೊದಲೇ ಮುಖತಃ ಒಲ್ಲೆನೆಂದಿದ್ದೆನೆಂದೂ, ಕಥೆಯು ಹಬ್ಬಿದ ಮೇಲೆ ತನಗೂ ಮನೆಯವರಿಗೂ ವರ್ಷಗಟ್ಟಲೆ ಬೆದರಿಕೆಗಳು ಬಂದವೆಂದೂ ಆಕೆ ತಿಳಿಸಿದ್ದಳು. ಮಿನ್ಹಾಜರು ಮರುತಿಂಗಳು ಉತ್ತರವಿತ್ತರು: ಬಣ್ಣವೇ ಕಾರಣವೆಂಬುದು ನಿಜ, ಬಾಗಿಲಿನ ದೃಶ್ಯವನ್ನು ಮಾತ್ರ ತನ್ನ ನೋವು ಸಭೆಗೆ ಮುಟ್ಟಲೆಂದು ಕಟ್ಟಿದ್ದು, ಎಂದು.

ಆ ನೋವನ್ನು ನಾವು ಶಂಕಿಸುವುದಿಲ್ಲ. ದೃಶ್ಯ ಕಟ್ಟುವುದು ನಾಟಕಕಾರನ ಹಕ್ಕೆಂಬುದೂ ನಿಜವೇ. ಆದರೆ ನಾಟಕವನ್ನು ನೋಡುವವರು ಅದು ನಾಟಕವೆಂದು ಬಲ್ಲರು. ಇಲ್ಲಿ ಕೇಳುವವರು ನಡೆದುದೆಂದೇ ನಂಬಿ ಕುಳಿತಿರುವರು. ಹೆತ್ತವರ ವಿಷಯದಲ್ಲಿ ಮಾತು ಮೀರಿದರೆ, ಮಗನು ಮನೆಗೆ ಬಂದಾಗ ಅವರು ಕಿವಿ ಹಿಂಡಬಲ್ಲರು. ಆ ಪರರ ಮಗಳಿಗೆ ವೇದಿಕೆಯೂ ಇಲ್ಲ, ಊಟದ ಮನೆಯೂ ಇಲ್ಲ. ಪತ್ರಿಕೆಯವರು ವಿಚಾರಿಸುವತನಕ ಆರು ವರ್ಷ ಕಳೆದುವು. ಬಾಗಿಲಿನ ಪ್ರಸಂಗವು ಕಲ್ಪಿತವೆಂದು ಅಂದೇ ಒಂದು ವಾಕ್ಯದಲ್ಲಿ ಹೇಳಿಬಿಡಬಹುದಾಗಿತ್ತು. ಅಷ್ಟರಿಂದ ಡೇವಿಸಿನ ಸಭೆಯು ನಗುವುದನ್ನು ಬಿಟ್ಟು ಎದ್ದುಹೋಗುತ್ತಿತ್ತೆಂದು ನಾವು ನಂಬೆವು.