ಬಸ್ ನಿಲ್ದಾಣದಲ್ಲೊಂದು ಕೆರೆ

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದ ತುಂಬ ತಿಳಿನೀರು. ಬಸ್ಸುಗಳು ದೋಣಿಗಳಂತೆ ತೇಲುತ್ತಿವೆ. ಚೀಲ ಹಿಡಿದ ಪ್ರಯಾಣಿಕರು ದಡದಲ್ಲಿ ಕಾದು ನಿಂತಿದ್ದಾರೆ. ಇಂಥದೊಂದು ಛಾಯಾಚಿತ್ರ ಕಣ್ಣಿಗೆ ಬಿದ್ದರೆ ‘ಇದೆಲ್ಲ ಸುಳ್ಳು’ ಎಂದುಬಿಡುತ್ತೇವೆ. ಆದರೆ ಅದು ಪೂರ್ತಿ ಸುಳ್ಳೇನಲ್ಲ. ಆ ನಿಲ್ದಾಣದ ಜಾಗದಲ್ಲಿ ಹಿಂದೆ ಧರ್ಮಾಂಬುಧಿ ಕೆರೆಯಿತ್ತು. ಕೆರೆ ಹೋಗಿ ಟ್ಯಾಂಕ್ ಬಂಡ್ ರಸ್ತೆ ಎಂಬ ಹೆಸರು ಮಾತ್ರ ಉಳಿದಿದೆ. ಹಾಗೆಯೇ ಕಂಠೀರವ ಕ್ರೀಡಾಂಗಣ ಎದ್ದು ನಿಂತಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ.

ಈಗ ಇಲ್ಲದ ಕೆರೆಯ ಚಿತ್ರ ತೆಗೆಯಲು ಯಾವ ಕ್ಯಾಮೆರಾಕ್ಕೂ ಆಗದು. ಆದರೆ ಬಸ್ ನಿಲ್ದಾಣದ ಒಂದು ಚಿತ್ರವನ್ನೂ ಹಲಸೂರು ಕೆರೆಯ ಒಂದು ಚಿತ್ರವನ್ನೂ ನೀವೇ ತೆಗೆದು, ಎರಡನ್ನೂ ಬೆಸೆದು ಅದನ್ನು ತೋರಿಸಬಹುದು. ಹೀಗೆ ಬೇರೆ ಬೇರೆ ಛಾಯಾಚಿತ್ರಗಳಿಂದ ಕಟ್ಟಿದ್ದೇ ಕೂಡುಚಿತ್ರ. ಅದು ಕನಸಿನಂತೆ, ಕಂಡೂ ಕಾಣದ ಲೋಕವನ್ನು ಮುಂದಿಟ್ಟರೆ ಕಲಾವಿದರು ಅದನ್ನು ಅತಿವಾಸ್ತವ ಚಿತ್ರವೆನ್ನುತ್ತಾರೆ.

ಇದು ಕಂಪ್ಯೂಟರ್ ಬಂದ ಮೇಲೆ ಹುಟ್ಟಿದ ವಿದ್ಯೆಯಲ್ಲ. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಆಸ್ಕರ್ ರೈಲಾಂಡರ್ 1857ರಲ್ಲಿಯೇ ಸುಮಾರು 30 ನೆಗೆಟಿವ್‌ಗಳನ್ನು ಸೇರಿಸಿ ಒಂದೇ ದೊಡ್ಡ ಚಿತ್ರ ಮಾಡಿದ್ದ. ಪಾಲ್ ಸಿಟ್ರೋಯನ್ 1923ರಲ್ಲಿ ಕಟ್ಟಡಗಳ ಚಿತ್ರಗಳನ್ನು ಕತ್ತರಿಸಿ ಅಂಟಿಸಿ, ಆಕಾಶಕ್ಕೂ ಜಾಗವಿಲ್ಲದಷ್ಟು ಕಿಕ್ಕಿರಿದ ‘ಮೆಟ್ರೊಪೊಲಿಸ್’ ಎಂಬ ನಗರವನ್ನು ಕಟ್ಟಿದ. ಅಮೆರಿಕದ ಜೆರಿ ಯೂಲ್ಸ್‌ಮನ್ ಕತ್ತಲೆ ಕೋಣೆಯಲ್ಲಿ ಹಲವು ಎನ್‌ಲಾರ್ಜರ್‌ಗಳನ್ನು ಸಾಲಾಗಿಟ್ಟು, ಒಂದೇ ಕಾಗದವನ್ನು ಒಂದರಿಂದ ಇನ್ನೊಂದಕ್ಕೆ ಸಾಗಿಸಿ ಇಂಥ ಚಿತ್ರಗಳನ್ನು ಮುದ್ರಿಸುತ್ತಿದ್ದರು. ಫೋಟೋಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ.

ನೀವು ಕೈಹಾಕುವ ಮುನ್ನ ಮೂರು ಸಂಗತಿ ನೆನಪಿನಲ್ಲಿರಲಿ. ಮೊದಲನೆಯದು ಬೆಳಕು. ನಿಲ್ದಾಣವನ್ನು ಬೆಳಿಗ್ಗೆ ಎಂಟಕ್ಕೆ ತೆಗೆದರೆ ಕೆರೆಯನ್ನೂ ಅದೇ ಹೊತ್ತಿಗೆ, ಅದೇ ದಿಕ್ಕಿಗೆ ಮುಖ ಮಾಡಿ ತೆಗೆಯಿರಿ. ಬಸ್ಸಿನ ನೆರಳು ಎಡಕ್ಕೂ ದಡದ ಮರದ ನೆರಳು ಬಲಕ್ಕೂ ಬಿದ್ದರೆ ನೋಡುವವರ ಕಣ್ಣು ತಟ್ಟನೆ ಹಿಡಿದುಬಿಡುತ್ತದೆ. ಎರಡನೆಯದು ಎತ್ತರ. ಎರಡು ಚಿತ್ರಕ್ಕೂ ಕ್ಯಾಮೆರಾ ಒಂದೇ ಎತ್ತರದಲ್ಲಿರಬೇಕು. ಒಂದನ್ನು ಮಹಡಿಯ ಮೇಲಿನಿಂದ, ಇನ್ನೊಂದನ್ನು ನೆಲದಲ್ಲಿ ಕುಳಿತು ತೆಗೆದರೆ ನೀರು ಇಳಿಜಾರಿನಲ್ಲಿ ನಿಂತಂತೆ ಕಂಡೀತು. ಮೂರನೆಯದು ಪ್ರತಿಬಿಂಬ. ನೀರಿದ್ದಲ್ಲಿ ಬಸ್ಸಿನ ಬಿಂಬವೂ ಬೇಕು. ಬಸ್ಸಿನ ಪ್ರತಿಯೊಂದನ್ನು ತಲೆಕೆಳಗು ಮಾಡಿ, ತುಸು ಮಬ್ಬಾಗಿಸಿ ಕೆಳಗೆ ಕೂಡಿಸಿದರೆ ಆಯಿತು.

ಜಿಂಪ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದೊಂದು ಚಿತ್ರವನ್ನೂ ಒಂದೊಂದು ಲೇಯರ್ ಆಗಿ, ಗಾಜಿನ ಹಾಳೆಗಳಂತೆ ಒಂದರ ಮೇಲೊಂದು ಇಡಬಹುದು. ಬೇಡವಾದ ಭಾಗವನ್ನು ಅಳಿಸಿಹಾಕದೆ ‘ಮಾಸ್ಕ್’ನಿಂದ ಮರೆಮಾಡಿ, ಮನಸ್ಸು ಬದಲಾದರೆ ಮತ್ತೆ ಕಾಣಿಸಿಕೊಳ್ಳಬಹುದು. ಮನೆಯಲ್ಲಿ ಕಂಪ್ಯೂಟರ್ ಇಲ್ಲವೇ? ಎರಡು ಪ್ರಿಂಟು, ಒಂದು ಕತ್ತರಿ, ಸ್ವಲ್ಪ ಗೋಂದು ಸಾಕು. ಸಿಟ್ರೋಯನ್ ಬಳಿ ಇದ್ದುದೂ ಇಷ್ಟೇ.

‘ಓದುವ ಹುಡುಗರಿಗೆ ಇದೇಕೆ?’ ಎಂದು ಪಾಲಕರು ಕೇಳಬಹುದು. 2006ರಲ್ಲಿ ಬೈರೂತ್ ನಗರದ ಮೇಲೆ ಬಾಂಬು ಬಿದ್ದ ನಂತರದ ಚಿತ್ರವೊಂದನ್ನು ರಾಯಿಟರ್ಸ್ ಸುದ್ದಿಸಂಸ್ಥೆ ಹಂಚಿತು. ಹೊಗೆಯನ್ನು ದಟ್ಟವಾಗಿ ತೋರಿಸಲು ಒಂದೇ ಹೊಗೆಯ ಸುರುಳಿಯನ್ನು ಮತ್ತೆ ಮತ್ತೆ ನಕಲು ಮಾಡಿದ್ದು ಅದರಲ್ಲಿ ಓದುಗರಿಗೆ ಕಂಡುಬಂತು. ಸಂಸ್ಥೆ ಚಿತ್ರವನ್ನು ಹಿಂದಕ್ಕೆ ಪಡೆದು ಛಾಯಾಗ್ರಾಹಕನನ್ನು ಕೈಬಿಟ್ಟಿತು. ಸ್ವತಃ ನೆರಳು ಜೋಡಿಸಿ, ಬಿಂಬ ಕೂಡಿಸಿ ಬೆವರಿದ ಮಕ್ಕಳ ಕಣ್ಣು ಇಂಥ ಕೈಚಳಕವನ್ನು ಬೇಗ ಗುರುತಿಸುತ್ತದೆ. ನಾಲ್ಕು ಮಾತು ಬರೆದರೆ ಯಂತ್ರವೇ ಚಿತ್ರ ಹೆಣೆದುಕೊಡುವ ಈ ಕಾಲದಲ್ಲಿ ಕಣ್ಣಿಗೆ ಇಂಥ ಸಾಮು ಬೇಕೇ ಬೇಕು.

ಕಲ್ಪನೆಗೂ ಮೋಸಕ್ಕೂ ನಡುವೆ ಇರುವುದು ಒಂದೇ ಸಾಲಿನ ಅಂತರ. ಚಿತ್ರದ ಕೆಳಗೆ ‘ಇದು ಎರಡು ಚಿತ್ರಗಳಿಂದ ಕೂಡಿಸಿದ್ದು’ ಎಂದು ಬರೆಯಿರಿ; ಎಲ್ಲಿ, ಯಾವಾಗ ತೆಗೆದದ್ದೆಂಬುದನ್ನೂ ಸೇರಿಸಿ. ಅಪರಿಚಿತರ ಮುಖವನ್ನು ಅವರ ಒಪ್ಪಿಗೆಯಿಲ್ಲದೆ ಬಳಸಬೇಡಿ.

ಇನ್ನು ವಿಷಯವನ್ನು ಎಲ್ಲಿಂದ ತರುವುದು? ಬಸ್ಸನ್ನು ಚಂದ್ರನ ಮೇಲೆ ನಿಲ್ಲಿಸುವುದು ಸುಲಭ. ನೋಡಿದವರು ನಕ್ಕು ಮರೆಯುತ್ತಾರೆ. ಅದರ ಬದಲು ಮನೆಯ ಹಿರಿಯರನ್ನು ಒಮ್ಮೆ ಕೇಳಿ: ನಮ್ಮ ಬಡಾವಣೆ ಆಗುವ ಮುಂಚೆ ಇಲ್ಲಿ ಏನಿತ್ತು? ತೋಪೋ, ಗದ್ದೆಯೋ, ಬಾವಿಯೋ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ಅಂಥದು ಇವತ್ತಿಗೂ ಉಳಿದಿರುವ ಜಾಗ ಹುಡುಕಿ ಚಿತ್ರ ತೆಗೆದು, ನಿಮ್ಮ ಬೀದಿಯ ಚಿತ್ರದೊಂದಿಗೆ ಕೂಡಿಸಿ. ಮುಗಿದ ಮೇಲೆ ಮೊದಲು ಅವರಿಗೇ ತೋರಿಸಿ. ನೆರಳು ಸರಿಯಾಗಿದೆಯೇ ಎಂದು ನೀವು ಪರೀಕ್ಷಿಸಿರುತ್ತೀರಿ. ಬಾವಿ ಸರಿಯಾದ ಮೂಲೆಯಲ್ಲಿದೆಯೇ ಎಂದು ಹೇಳಬಲ್ಲವರು ಅವರು.