ಈಜುಕೊಳದ ಲೆಕ್ಕ

ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸಕೂಡದೆಂದು ಬೆಂಗಳೂರಿನ ಜಲಮಂಡಳಿ 2024ರ ಮಾರ್ಚಿನಲ್ಲಿ ಆಜ್ಞೆ ಹೊರಡಿಸಿತು. ತಪ್ಪಿದವರಿಗೆ 5,000 ರೂಪಾಯಿ ದಂಡ. ಮನೆಯಂಗಳದಲ್ಲೇ ಕೊಳ ಕಟ್ಟಿಸಬಲ್ಲ ಧಣಿಗೆ ಇದು ಯಾವ ಲೆಕ್ಕ?

ನೀರಿನ ಲೆಕ್ಕವೇ ಬೇರೆ. ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲದ ಕೊಳವನ್ನು ಒಂದೂವರೆ ಮೀಟರ್ ತುಂಬಿಸಲು 75,000 ಲೀಟರ್ ಬೇಕು. ಬೇಸಿಗೆಯಲ್ಲಿ ದಿನಕ್ಕೆ ಆರು ಮಿಲಿಮೀಟರ್ ಆವಿಯಾದರೂ 300 ಲೀಟರ್ ಹೋಯಿತು. ಜಲಜೀವನ ಮಿಷನ್ ಹಳ್ಳಿಗನಿಗೆ ಗೊತ್ತುಮಾಡಿದ್ದು ದಿನಕ್ಕೆ 55 ಲೀಟರ್. ಎಂದರೆ ಗುಡಗೇರಿಯ ಐದು ಜನರ ಸಂಸಾರದ ಪಾಲಿಗಿಂತ ಹೆಚ್ಚಿನ ನೀರನ್ನು, ಕೊಳದಲ್ಲಿ ಯಾರೂ ಮೈ ತೋಯಿಸದ ದಿನವೂ, ಬಿಸಿಲು ಕುಡಿಯುತ್ತದೆ. ಬಾವಿ ತೋಡಿದರೆ ಸವಳು ನೀರೇ ಹೆಚ್ಚಾಗಿ ಸಿಗುವ ಈ ಎರೆಸೀಮೆಯವರಿಗೆ ಕೊಡ ಸಿಹಿನೀರಿನ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಳವುಳ್ಳವರು ಮಾಡಬೇಕಾದ್ದು ಕಷ್ಟದ್ದೇನಲ್ಲ. ಈಜದ ಹೊತ್ತಿನಲ್ಲಿ ಹೊದಿಕೆ ಹಾಸಲಿ. ಆವಿಯಾಗುವ ನೀರಿನ ದೊಡ್ಡ ಪಾಲು ಉಳಿಯುತ್ತದೆ. ಮೆಟ್ಟಿಲ ಮೇಲೊಂದು ಬಕೆಟ್ ಇಟ್ಟು, ಕೊಳದ ಮಟ್ಟಕ್ಕೆ ಸಮನಾಗಿ ನೀರು ತುಂಬಲಿ. ಮರುದಿನ ಬಕೆಟ್ಟಿಗಿಂತ ಕೊಳವೇ ಹೆಚ್ಚು ಇಳಿದಿದ್ದರೆ ಸೋರಿಕೆ ಉಂಟೆಂದೇ ತಿಳಿಯಬೇಕು. ವರ್ಷವರ್ಷ ಕೊಳ ಬರಿದುಮಾಡುವ ಚಾಳಿ ಬಿಡಲಿ.

ಆದರೆ ಧಣಿಯ ಒಳ್ಳೆಯತನವನ್ನೇ ನಂಬಿ ಕೂಡ್ರಲಾಗದು. ಸರಕಾರ ಪ್ರತಿ ಕೊಳಕ್ಕೂ ಬೇರೆ ಮೀಟರು ಕೂಡಿಸಲಿ, ಮಾಳಿಗೆಯ ಮಳೆನೀರಿನಿಂದಲೇ ಅದನ್ನು ತುಂಬಿಸುವಂತೆ ಕಟ್ಟುಮಾಡಲಿ. ಊರ ನಳಕ್ಕೆ ನೀರು ಬಾರದ ದಿನ ಆ ಮೀಟರೂ ತಿರುಗಕೂಡದು.